ಶ್ರಮವನ್ನು ಅಳೆದ ಮಹಿಳೆ: ಲಿಲಿಯನ್ ಗಿಲ್‌ಬ್ರೆತ್

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ನಮ್ಮ ಮನೆಯ ಅಡುಗೆ ಕಟ್ಟೆಯ ಮುಂದೆ ಒಂದು ಮಣೆ ಯಾವಾಗಲೂ ಬಿದ್ದಿರುತ್ತಿತ್ತು. ಊಟಕ್ಕೆ ಕುಳಿತುಕೊಳ್ಳುವ ಮಣೆಯಲ್ಲ ಅದು. ನನ್ನ ಅವ್ವ ಹತ್ತಿ ನಿಂತು ಅಡುಗೆ ಮಾಡುವ ಮಣೆ. ಅವ್ವ ಗಿಡ್ಡ, ಕಟ್ಟೆ ಎತ್ತರ. ಆ ಕಟ್ಟೆಯನ್ನು ಕಟ್ಟಿದವನು ಗಾರೆ ಕೆಲಸದ ನನ್ನ ಅಪ್ಪನೇ. ಕೂಲಿಗೆ ಹೋದ ಮನೆಗಳಲ್ಲೆಲ್ಲ ಯಾವ ಎತ್ತರಕ್ಕೆ ಕಡಪ ಕಲ್ಲನ್ನು ಕೂರಿಸುತ್ತಿದ್ದನೋ ಅದೇ ಎತ್ತರಕ್ಕೆ ನಮ್ಮ ಮನೆಯಲ್ಲಿಯೂ ಕೂರಿಸಿದ. ಅಳತೆ ತಪ್ಪಾಯಿತೆಂದು ಅವನೂ ಹೇಳಲಿಲ್ಲ, ಅವ್ವನೂ ಹೇಳಲಿಲ್ಲ. ಮಣೆಯೊಂದು ಬಂದು ಕಟ್ಟೆಯ ಮುಂದೆ ಕುಳಿತಿತು, ಅಷ್ಟೆ. ಅದು ಅಲ್ಲಿ ಏಕಿದೆಯೆಂದು ಇಷ್ಟು ವರ್ಷಗಳಲ್ಲಿ ನಾನೂ ಒಮ್ಮೆಯಾದರೂ ಕೇಳಿದವಳಲ್ಲ.

ಕಳೆದ ವರ್ಷ ಮನಶ್ಶಾಸ್ತ್ರದ ತರಗತಿಯಲ್ಲಿ ದುಡಿಮೆ ಮತ್ತು ದಣಿವು ಎಂಬ ವಿಷಯದ ಮೇಲೆ ಪಾಠ ನಡೆಯುತ್ತಿತ್ತು. ಅಮೆರಿಕದ ಒಬ್ಬ ಮಹಿಳೆ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಗೃಹಿಣಿಯರನ್ನು ವಿಚಾರಿಸಿ, ಒಲೆಯೂ ಪಾತ್ರೆ ತೊಳೆಯುವ ತೊಟ್ಟಿಯೂ ಎಷ್ಟು ಎತ್ತರದಲ್ಲಿದ್ದರೆ ಬೆನ್ನಿಗೆ ಹಿತವೆಂಬುದನ್ನು ಕಂಡುಕೊಳ್ಳಲು ಯತ್ನಿಸಿದರೆಂಬ ಮಾತು ಪಾಠದ ನಡುವೆ ಬಂತು. ನಮ್ಮ ಉಪನ್ಯಾಸಕರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದರು. ನಾನು ಮುಂದಕ್ಕೆ ಹೋಗಲಾರದೆ ಆ ಮಣೆಯ ಬಳಿಯೇ ನಿಂತೆ. ಆಮೇಲೆ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡ ಆ ಮಹಿಳೆಯ ಚರಿತ್ರೆಯನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ಇದು ಪಂಡಿತರ ಬರಹವಲ್ಲವೆಂಬುದನ್ನು ಗುರುಗಳು ಮನ್ನಿಸಬೇಕು.

ಲಿಲಿಯನ್ ಮಾಲರ್ ಎಂಬ ಹುಡುಗಿ 1878ನೆಯ ಇಸವಿ ಮೇ 24ರಂದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ ಜನಿಸಿದಳು. ಮನೆತನ ಅನುಕೂಲವಾದುದು. ಬಡತನದಿಂದ ಮೇಲೆ ಬಂದವರ ಕಥೆಯನ್ನು ನಿರೀಕ್ಷಿಸಿ ಓದತೊಡಗಿದ್ದ ನನಗೆ ಇಲ್ಲಿ ಸ್ವಲ್ಪ ನಿರಾಶೆಯಾದುದು ನಿಜ. ಆದರೆ ಅನುಕೂಲಸ್ಥರ ಮನೆಯಲ್ಲಿಯೂ ಹೆಣ್ಣುಮಗಳ ಓದು ಸುಲಭವಾಗಿರಲಿಲ್ಲ. ಮಕ್ಕಳು ತುಂಬಿದ ಆ ಮನೆಗೆ ಈಕೆಯೇ ಹಿರಿಯ ಮಗಳು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ವ್ಯಾಸಂಗ ಅನಾವಶ್ಯಕವೆಂಬುದು ತಂದೆಯ ಅಭಿಪ್ರಾಯ. ಬಹಳ ಬೇಡಿಕೊಂಡ ಮೇಲೆ, ಮನೆಯಲ್ಲಿಯೇ ಇದ್ದು ಮನೆಗೆಲಸವನ್ನೂ ನೋಡಿಕೊಂಡು ಒಂದು ವರ್ಷ ಓದಿ ನೋಡಲಿ ಎಂದು ಒಪ್ಪಿದರಂತೆ. ಈ ಭಾಗವನ್ನು ಓದುವಾಗ ನನಗೆ ನಗು ಬಂತು. ನಮ್ಮ ಅಪ್ಪನೂ ಮೊದಲನೆಯ ಬಿ.ಎ. ತರಗತಿಗೆ ಸೇರಿಸುವಾಗ ಒಂದು ವರ್ಷ ನೋಡೋಣ ಎಂದೇ ಹೇಳಿದ್ದ. ಓಕ್‌ಲೆಂಡಿನ ಆ ಒಂದು ವರ್ಷ ನಾಲ್ಕಾಯಿತು. 1900ರಲ್ಲಿ ಲಿಲಿಯನ್ ಪದವಿ ಪಡೆದುದಷ್ಟೇ ಅಲ್ಲ, ಆ ವರ್ಷದ ಪದವಿದಾನ ಸಮಾರಂಭದಲ್ಲಿ ಭಾಷಣವನ್ನೂ ಮಾಡಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಆ ಗೌರವ ಒಬ್ಬ ಸ್ತ್ರೀಗೆ ಸಂದುದು ಅದೇ ಮೊದಲು. ಎರಡು ವರ್ಷಗಳ ತರುವಾಯ ಎಂ.ಎ. ಆಯಿತು. ವಿಷಯ ಇಂಗ್ಲಿಷ್ ಸಾಹಿತ್ಯ, ಬೆನ್ ಜಾನ್ಸನ್ನನ ಒಂದು ನಾಟಕ. ಮುಂದೆ ಇಂಜಿನಿಯರುಗಳ ನಡುವೆ ಬಾಳಿದ ಈಕೆ ನಮ್ಮ ಹಾಗೆ ಕಲಾ ವಿಭಾಗದವರು!

1903ರಲ್ಲಿ ಯೂರೋಪಿನ ಪ್ರವಾಸಕ್ಕೆ ಹೊರಟ ಲಿಲಿಯನ್ ದಾರಿಯಲ್ಲಿ ಬಾಸ್ಟನ್ ನಗರದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬ ಕಟ್ಟಡದ ಗುತ್ತಿಗೆದಾರರನ್ನು ಕಂಡರು. ಮರುವರ್ಷ ಅಕ್ಟೋಬರ್ 19ರಂದು ಇಬ್ಬರಿಗೂ ವಿವಾಹವಾಯಿತು. ಈ ಫ್ರಾಂಕ್ ಎಂಬವರ ವಿಚಾರವನ್ನು ಇಲ್ಲಿಯೇ ತುಸು ವಿಸ್ತಾರವಾಗಿ ಹೇಳಬೇಕು. ಈಕೆಯ ಚರಿತ್ರೆ ಅವರನ್ನು ಬಿಟ್ಟು ಅರ್ಥವಾಗುವುದಿಲ್ಲ. ಅಲ್ಲದೆ ಅವರು ಮೊದಲು ಗಾರೆಯವರು. ಅವರ ಬಗ್ಗೆ ನನಗೆ ಪಕ್ಷಪಾತವಿದ್ದರೆ ಆಶ್ಚರ್ಯವಿಲ್ಲ.

ಫ್ರಾಂಕ್ 1868ರಲ್ಲಿ ಮೇಯ್ನ್ ಸಂಸ್ಥಾನದಲ್ಲಿ ಹುಟ್ಟಿದವರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ ಬಾಸ್ಟನ್ನಿನಲ್ಲಿ ಊಟ ವಸತಿಯ ಮನೆ ನಡೆಸಿ ಮಕ್ಕಳನ್ನು ಸಾಕಿದರು. ಇಂಜಿನಿಯರಿಂಗ್ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಅಲ್ಲಿಗೆ ಹೋಗದೆ, 1885ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಇಟ್ಟಿಗೆ ಕಟ್ಟುವ ಕೆಲಸ ಕಲಿಯಲು ನಿಂತರು. ಕಲಿಸಲು ಬಂದ ಮೇಸ್ತ್ರಿಗಳು ಒಬ್ಬೊಬ್ಬರು ಒಂದೊಂದು ವಿಧವಾಗಿ ಇಟ್ಟಿಗೆ ಇಡುತ್ತಿದ್ದರು. ಹುಡುಗ ಇನ್ನೂ ಒಂದು ಸೋಜಿಗವನ್ನು ಕಂಡ. ಒಬ್ಬನೇ ಮೇಸ್ತ್ರಿ ಆತುರದಲ್ಲಿರುವಾಗ ಒಂದು ರೀತಿ, ನಿಧಾನವಾಗಿ ಕೆಲಸ ಮಾಡುವಾಗ ಇನ್ನೊಂದು ರೀತಿ, ಹೊಸಬನಿಗೆ ಹೇಳಿಕೊಡುವಾಗ ಮೂರನೆಯ ರೀತಿ ಕೈ ಆಡಿಸುತ್ತಿದ್ದ. ತಾನು ಮಾಡುವುದೊಂದು, ಕಲಿಸುವುದೊಂದು! ಹಾಗಾದರೆ ಸರಿಯಾದ ರೀತಿ ಯಾವುದು? ಈ ಒಂದು ಪ್ರಶ್ನೆಯ ಹಿಂದೆ ಫ್ರಾಂಕ್ ತಮ್ಮ ಉಳಿದ ಆಯುಷ್ಯವನ್ನೆಲ್ಲ ಕಳೆದರು.

ಒಂದು ಇಟ್ಟಿಗೆಯನ್ನು ಗೋಡೆಯ ಮೇಲಿಡಲು ಗಾರೆಯವನು 18 ಚಲನೆಗಳನ್ನು ಮಾಡುತ್ತಾನೆಂದು ಅವರು ಎಣಿಸಿದರು. ಬಗ್ಗುವುದು, ಇಟ್ಟಿಗೆ ಎತ್ತುವುದು, ಚೆನ್ನಾದ ಮುಖ ಯಾವುದೆಂದು ಕೈಯಲ್ಲಿ ತಿರುಗಿಸಿ ನೋಡುವುದು, ಗಾರೆಗಾಗಿ ಮತ್ತೆ ಬಗ್ಗುವುದು, ಇಟ್ಟ ಮೇಲೆ ಕರಣೆಯಿಂದ ತಟ್ಟುವುದು, ಹೀಗೆ. ಬಗ್ಗಿ ಏಳುವಾಗಲೆಲ್ಲ ಆತ ಎತ್ತುವುದು ಇಟ್ಟಿಗೆಯೊಂದನ್ನೇ ಅಲ್ಲ, ತನ್ನ ಮೈಯ ಅರ್ಧ ಭಾರವನ್ನೂ. ಇದನ್ನು ತಪ್ಪಿಸಲು ಫ್ರಾಂಕ್ ಗೋಡೆ ಏರಿದಂತೆಲ್ಲ ಏರಿಸಬಹುದಾದ ಒಂದು ಸಾರವೆಯನ್ನು ನಿರ್ಮಿಸಿದರು. ಅದರಲ್ಲಿ ಇಟ್ಟಿಗೆಯೂ ಗಾರೆಯೂ ಸೊಂಟದ ಎತ್ತರದಲ್ಲಿ ಕೈಗೆಟಕುವಂತೆ ಇರುತ್ತಿದ್ದವು. ಇಟ್ಟಿಗೆಯನ್ನು ಕೆಳಗೇ ಆರಿಸಿ, ಚೆನ್ನಾದ ಮುಖ ಒಂದೇ ಕಡೆ ಬರುವಂತೆ ಮರದ ಚೌಕಟ್ಟಿನಲ್ಲಿ ಜೋಡಿಸಿ ಮೇಲಕ್ಕೆ ಕಳುಹಿಸುವ ಕೆಲಸಕ್ಕೆ ಬೇರೆ ಆಳು ಗೊತ್ತಾಯಿತು. ಕರಣೆಯಿಂದ ತಟ್ಟದೆ ಕೈಯಿಂದ ಒತ್ತಿದರೆ ಸಾಕಾಗುವ ಹದಕ್ಕೆ ಗಾರೆಯನ್ನು ಕಲಸಿದರು. 18 ಚಲನೆಗಳು 5ಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವನು 350 ಇಡುವಂತಾಯಿತು.

ಈ ಲೆಕ್ಕವನ್ನು ಓದಿದ ನನಗೆ ಸುಮ್ಮನಿರಲಾಗಲಿಲ್ಲ. ದಸರೆಯ ರಜದಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋಗಿ, ಮರಳಿನ ಗುಡ್ಡೆಯ ಮೇಲೆ ಕುಳಿತು, ಮೊಬೈಲಿನ ಗಡಿಯಾರ ನೋಡಿಕೊಂಡು ನೋಟುಬುಕ್ಕಿನಲ್ಲಿ ಗೆರೆ ಹಾಕತೊಡಗಿದೆ. ಅಪ್ಪ ನೋಡಿಯೂ ನೋಡದವನಂತೆ ಇದ್ದ. ಆದರೆ ನಾನು ಎಣಿಸುತ್ತಿದ್ದೇನೆಂದು ತಿಳಿದ ಗಳಿಗೆಯಿಂದ ಅವನ ಕೈ ಬೇರೆಯಾಯಿತು. ಎಂದೂ ಇಲ್ಲದ ವೇಗ ಬಂತು. ಅರ್ಧ ಗಂಟೆಯಲ್ಲಿ ಬೆವರಿ ನಿಂತ. ಬಾಣಲಿ ಹೊರುವ ಹೆಂಗಸರು ನಕ್ಕರು. ಮಗಳ ಮುಂದೆ ಪರೀಕ್ಷೆಗೆ ಕೂತ ಹಾಗಾಯಿತಲ್ಲ ಎಂದು ಹಾಸ್ಯ ಮಾಡಿದರು. ಮಧ್ಯಾಹ್ನ ಬಂದ ಗುತ್ತಿಗೆದಾರನಿಗೆ ನಾನು ಬರೆಯುತ್ತಿದ್ದುದು ಹಿಡಿಸಲಿಲ್ಲ. ನಾನು ಯಾವುದೋ ಕಚೇರಿಯ ಪರವಾಗಿ ಬಂದಿರುವೆನೆಂದು ಅನುಮಾನಪಟ್ಟ. ಮಗಳೆಂದು ತಿಳಿದ ಮೇಲೆ, ಗಂಟೆಗೆ ಎಷ್ಟು ಬರುತ್ತದೆಂದು ನನ್ನ ಪುಸ್ತಕವನ್ನು ಇಣುಕಿ ನೋಡಿದ. ನಾನು ಪುಸ್ತಕ ಮುಚ್ಚಿದೆ. ಅಳೆಯುವುದೆಂದರೆ ಬರಿಯ ಲೆಕ್ಕವಲ್ಲವೆಂದು ನನಗೆ ಗೊತ್ತಾದುದು ಆ ಗಳಿಗೆಯಲ್ಲಿ.

ರಾತ್ರಿ ಊಟದ ಹೊತ್ತಿನಲ್ಲಿ 120 ಮತ್ತು 350ರ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಕೂಲಿಯೂ ಮೂರರಷ್ಟು ಆಯಿತೇ ಎಂದು ಕೇಳಿದ.

ಈ ಪ್ರಶ್ನೆಯನ್ನು ನನ್ನ ಅಪ್ಪನಿಗಿಂತ ನೂರು ವರ್ಷ ಮೊದಲೇ ಅಮೆರಿಕದ ಕಾರ್ಮಿಕರು ಕೇಳಿದ್ದರು. ಆ ಕಾಲದಲ್ಲಿ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರು ನಿಲ್‌ಗಡಿಯಾರ ಹಿಡಿದು ಕಾರ್ಖಾನೆಯ ಕೆಲಸಗಳಿಗೆ ಕಾಲ ನಿಗದಿ ಮಾಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿದ್ದರು. ಅವರ ಪ್ರಸಿದ್ಧ ಗ್ರಂಥ ಪ್ರಕಟವಾದುದು 1911ರಲ್ಲಿ. ಅದೇ ವರ್ಷ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರು ಗಡಿಯಾರ ಹಿಡಿದು ನಿಲ್ಲುವುದನ್ನು ಸಹಿಸದೆ ಮುಷ್ಕರ ಹೂಡಿದರು. ವಿಚಾರಣೆ ನಡೆದು, 1915ರಲ್ಲಿ ಆ ದೇಶದ ಶಾಸನಸಭೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ನಿಲ್‌ಗಡಿಯಾರದ ಅಳತೆಗೆ ಹಣ ಕೊಡಬಾರದೆಂದು ಗೊತ್ತುಮಾಡಿತು. ಫ್ರಾಂಕ್ ಮೊದಲಿಗೆ ಟೇಲರರ ಅನುಯಾಯಿ. ಕೆಲವು ವರ್ಷಗಳಲ್ಲಿ ಇಬ್ಬರಿಗೂ ಬಿರುಕು ಬಿತ್ತು. ಅವರ ಇಟ್ಟಿಗೆಯ ಪದ್ಧತಿಯನ್ನೂ ಗಾರೆಯವರ ಸಂಘಗಳು ಸಂಶಯದಿಂದಲೇ ನೋಡಿದುವು. ಆ ಸಂಶಯ ತಪ್ಪೆಂದು ನಾನು ಹೇಳಲಾರೆ.

ಲಿಲಿಯನ್ನರ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ತಿಳಿವಳಿಕೆ. ಗಂಡನ ಗುತ್ತಿಗೆಯ ಕೆಲಸಕ್ಕೆ ಮದುವೆಯಾದಂದಿನಿಂದಲೇ ಕೈಗೂಡಿಸಿದ ಈಕೆ, ಸಾರವೆಯ ಮೇಲೆ ಹತ್ತಿ ಕೆಲಸವನ್ನು ಕಣ್ಣಾರೆ ನೋಡಿದರು. ಚಲನೆಗಳನ್ನು ಎಣಿಸುವವರ ನಡುವೆ, ಚಲಿಸುತ್ತಿರುವವನು ಮನುಷ್ಯನೆಂಬುದನ್ನು ನೆನಪಿಟ್ಟವರು ಈಕೆ. ಅವನಿಗೆ ದಣಿವುಂಟು, ಬೇಸರವುಂಟು, ತನ್ನ ಕೆಲಸದ ಬಗ್ಗೆ ಹೆಮ್ಮೆಯುಂಟು. ಇವನ್ನು ಬಿಟ್ಟು ಅಳೆದ ಅಳತೆ ಅಳತೆಯೇ ಅಲ್ಲ ಎಂಬುದು ಆಕೆಯ ನಿಲುವು. ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಲು ಸಾಹಿತ್ಯವನ್ನು ಬಿಟ್ಟು ಮನಶ್ಶಾಸ್ತ್ರವನ್ನು ಹಿಡಿದರು.

ಆ ಪ್ರಯತ್ನದ ಕಥೆ ಓದುವವರಿಗೆ ಸಿಟ್ಟು ಬರಿಸುವಂಥದು. ಮಕ್ಕಳನ್ನು ಹೆರುತ್ತ, ಸಾಕುತ್ತ ಆಕೆ ಬರೆದ ಪ್ರಬಂಧವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ನಿಯಮದಂತೆ ಕೊನೆಯ ವರ್ಷ ಅಲ್ಲಿಯೇ ವಾಸವಾಗಿರಲಿಲ್ಲವೆಂಬ ಕಾರಣದಿಂದ ಪದವಿ ಸಿಗಲಿಲ್ಲ. ಪ್ರಬಂಧವನ್ನು ಪುಸ್ತಕವಾಗಿ ತರಬೇಕೆಂದರೆ, ಬರೆದವಳು ಹೆಂಗಸೆಂದು ತಿಳಿದರೆ ಕೊಳ್ಳುವವರಿಲ್ಲವೆಂದು ಪ್ರಕಾಶಕರಿಗೆ ಭಯ. ಹೀಗಾಗಿ 1914ರಲ್ಲಿ ಸೈಕಾಲಜಿ ಆಫ್ ಮ್ಯಾನೇಜ್‌ಮೆಂಟ್ ಎಂಬ ಆ ಗ್ರಂಥ ಎಲ್. ಎಂ. ಗಿಲ್‌ಬ್ರೆತ್ ಎಂಬ ಹೆಸರಿನಲ್ಲಿ ಹೊರಬಂತು. ಗಂಡಸೋ ಹೆಂಗಸೋ ತಿಳಿಯದಂತೆ ಎರಡು ಅಕ್ಷರಗಳು! ಆಕೆ ಇದಕ್ಕೆ ಕುಗ್ಗಲಿಲ್ಲ. ಸಂಸಾರ ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರಕ್ಕೆ ಬಂದಿತ್ತು. ಅಲ್ಲಿನ ಬ್ರೌನ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಬೋಧನೆಯಲ್ಲಿ ವ್ಯರ್ಥವಾಗುವ ಶ್ರಮವನ್ನು ಕುರಿತು ಎರಡನೆಯ ಪ್ರಬಂಧವನ್ನೇ ಬರೆದು 1915ರಲ್ಲಿ ಡಾಕ್ಟರೇಟ್ ಪಡೆದರು. ಒಂದು ಪದವಿಗೆ ಎರಡು ಪ್ರಬಂಧ. ಒಂದು ಕಿರುಪರೀಕ್ಷೆ ಮುಂದಕ್ಕೆ ಹೋಯಿತೆಂದು ಗೋಳಾಡುವ ನನ್ನಂಥವರು ಇದನ್ನು ನೆನೆಯಬೇಕು.

ಇನ್ನು ಇವರಿಬ್ಬರೂ ಅಳೆಯುತ್ತಿದ್ದ ಕ್ರಮ. ಗಡಿಯಾರವೊಂದನ್ನೇ ನಂಬದೆ ಅವರು ಚಲನಚಿತ್ರದ ಕ್ಯಾಮೆರಾವನ್ನು ತಂದರು. ಕೆಲಸಗಾರನ ಪಕ್ಕದಲ್ಲಿ, ನಿಮಿಷದ ಅತಿ ಸಣ್ಣ ಭಾಗವನ್ನೂ ತೋರಿಸುವ ದೊಡ್ಡ ಮುಖದ ಗಡಿಯಾರವನ್ನಿಟ್ಟು ಎರಡನ್ನೂ ಒಟ್ಟಿಗೆ ಚಿತ್ರ ತೆಗೆಯುವುದು. ಬಳಿಕ ಚಿತ್ರದ ಒಂದೊಂದು ಚೌಕವನ್ನೂ ಪರೀಕ್ಷಿಸುವುದು. ಇದರ ಗುಣವೇನೆಂದರೆ, ಕೆಲಸಗಾರನೂ ಕುಳಿತು ತನ್ನ ಚಿತ್ರವನ್ನು ತಾನು ನೋಡಬಹುದು, ಅದರಲ್ಲಿ ತಿದ್ದಬೇಕಾದುದನ್ನು ತಾನೇ ಹೇಳಬಹುದು. ಇನ್ನೊಂದು ಕ್ರಮ ಇದಕ್ಕಿಂತ ಚೆಂದ. ಬೆರಳಿಗೆ ಪುಟ್ಟ ವಿದ್ಯುದ್ದೀಪ ಕಟ್ಟಿ ಕತ್ತಲೆಯಲ್ಲಿ ಕ್ಯಾಮೆರಾದ ಕಣ್ಣನ್ನು ತೆರೆದೇ ಇಟ್ಟರೆ ಕೈ ಹೋದ ಹಾದಿಯೆಲ್ಲ ಬೆಳಕಿನ ಗೆರೆಯಾಗಿ ಚಿತ್ರದಲ್ಲಿ ಮೂಡುತ್ತದೆ. ಅದನ್ನು ನೋಡಿ ತಂತಿ ಬಗ್ಗಿಸಿ ಮಾದರಿಗಳನ್ನು ಮಾಡುತ್ತಿದ್ದರು. ಪಳಗಿದವನ ಗೆರೆ ನುಣುಪಾಗಿ ಒಂದೇ ಜಾಡಿನಲ್ಲಿ ಸಾಗುತ್ತದೆ, ಹೊಸಬನದು ಸಿಕ್ಕುಬಿದ್ದ ನೂಲಿನಂತಿರುತ್ತದೆ. ಹಾಗೆ ಒಬ್ಬನ ನೈಪುಣ್ಯವನ್ನು ಇನ್ನೊಬ್ಬನು ಕೈಯಲ್ಲಿ ಹಿಡಿದು ನೋಡುವಂತಾಯಿತು.

ಕೈಯ ಎಲ್ಲ ಕೆಲಸವನ್ನೂ ಅವರು ಕೆಲವೇ ಮೂಲ ಚಲನೆಗಳಾಗಿ ಒಡೆದರು. ಹುಡುಕುವುದು, ಆರಿಸುವುದು, ಹಿಡಿಯುವುದು, ಬರಿಗೈ ಚಾಚುವುದು, ಹೊತ್ತು ತರುವುದು, ಸರಿಯಾಗಿ ಹೊಂದಿಸುವುದು, ಬಳಸುವುದು, ಬಿಡುವುದು, ಯೋಚಿಸುವುದು, ವಿಶ್ರಮಿಸುವುದು ಮುಂತಾಗಿ ಇವು ಹದಿನೇಳೆಂದು ಸಾಮಾನ್ಯವಾಗಿ ಎಣಿಸುತ್ತಾರೆ, ಹದಿನೆಂಟೆನ್ನುವವರೂ ಉಂಟು. ವಿಶ್ರಾಂತಿಯೂ ಈ ಪಟ್ಟಿಯಲ್ಲಿದೆಯೆಂಬುದನ್ನು ಗಮನಿಸಬೇಕು. ಈ ಮೂಲ ಚಲನೆಗಳಿಗೆ ಥರ್‌ಬ್ಲಿಗ್ ಎಂಬ ವಿಚಿತ್ರ ಹೆಸರು. ಗಿಲ್‌ಬ್ರೆತ್ ಎಂಬುದನ್ನು ಹೆಚ್ಚುಕಡಮೆ ಹಿಂದುಮುಂದಾಗಿ ಬರೆದುದು, ಬೇರೇನೂ ಅಲ್ಲ. ಅವ್ವ ಒಲೆ ಹಚ್ಚುವುದನ್ನು ನಾನು ಈ ರೀತಿ ಬಿಡಿಸಿ ನೋಡಿದೆ. ಬೆಂಕಿಪೊಟ್ಟಣ ಹುಡುಕುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಹಚ್ಚುವುದು ಕ್ಷಣದ ಕೆಲಸ.

ಆಸ್ಪತ್ರೆಗಳಲ್ಲಿಯೂ ಅವರು ಕಂಡುದು ಇದನ್ನೇ. ಶಸ್ತ್ರವೈದ್ಯರನ್ನು ಚಿತ್ರ ತೆಗೆದು ನೋಡಿದರೆ, ರೋಗಿ ಮೇಜಿನ ಮೇಲೆ ಮಲಗಿರುವಾಗ ವೈದ್ಯರು ಸಲಕರಣೆ ಹುಡುಕಲು ಬೇಕಾದಷ್ಟು ಕಾಲ ಕಳೆಯುತ್ತಿದ್ದರು. ಸಲಕರಣೆಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿಡಬೇಕು, ವೈದ್ಯರು ಕೇಳಿದೊಡನೆ ದಾದಿ ಅದನ್ನು ಅವರ ಕೈಗೇ ಕೊಡಬೇಕು ಎಂಬ ಪದ್ಧತಿಯನ್ನು ಒತ್ತಿ ಹೇಳಿದವರಲ್ಲಿ ಗಿಲ್‌ಬ್ರೆತ್ ದಂಪತಿಗಳು ಮುಖ್ಯರು. ಇಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ವೈದ್ಯರು ಕಣ್ಣು ತಿರುಗಿಸದೆ ಕೈ ಚಾಚುವುದನ್ನು ಕಾಣುತ್ತೇವಲ್ಲ, ಅದರ ಹಿಂದೆ ಒಬ್ಬ ಗಾರೆಯವನ ಇಟ್ಟಿಗೆಯ ಲೆಕ್ಕವಿದೆ. ಬೆರಳಚ್ಚಿನವರು, ಗಾಲ್ಫ್ ಮತ್ತು ಬೇಸ್‌ಬಾಲ್ ಆಟಗಾರರು, ಕತ್ತಿವರಸೆಯವರು ಇವರನ್ನೂ ಬಿಡದೆ ಚಿತ್ರ ತೆಗೆದರು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಯಾವ ಯಾವ ಕೆಲಸಗಳನ್ನು ಉಳಿದ ಅಂಗಗಳಿಂದ ಮಾಡಬಹುದೆಂಬುದನ್ನು ಇದೇ ವಿಧಾನದಿಂದ ಶೋಧಿಸಿದರು. ದಣಿವನ್ನು ಕುರಿತ ಅವರ ಗ್ರಂಥ 1916ರದು. ನಿಂತೇ ದುಡಿಯುವವರಿಗೆ ಕುರ್ಚಿ ಕೊಡಿ, ಕುಳಿತೂ ನಿಂತೂ ಕೆಲಸ ಮಾಡಲು ಬರುವಂತೆ ಕುರ್ಚಿಯ ಎತ್ತರವನ್ನು ಮಾಡಿ, ನಡುನಡುವೆ ಬಿಡುವು ಕೊಡಿ ಎಂಬ ಸಾಮಾನ್ಯ ಸಂಗತಿಗಳೇ ಅದರಲ್ಲಿ ಹೆಚ್ಚು. ಸಾಮಾನ್ಯವಾದರೂ ಯಾರೂ ಮಾಡದ ಸಂಗತಿಗಳು. ಇಂದಿಗೂ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವ ಹುಡುಗಿಯರನ್ನು ನಾವು ಕಂಡಿಲ್ಲವೆ?

ಅವರ ಮನೆಯೂ ಒಂದು ಪ್ರಯೋಗಶಾಲೆ. ಹನ್ನೆರಡು ಮಕ್ಕಳು. ಅವರಲ್ಲಿ ಮೇರಿ ಎಂಬ ಮಗು 1912ರಲ್ಲಿ ಗಂಟಲಮಾರಿಯಿಂದ ತೀರಿಕೊಂಡಿತು. ಉಳಿದ ಹನ್ನೊಂದು ಮಕ್ಕಳೂ ಹಲ್ಲು ಉಜ್ಜಿದ್ದು, ಸ್ನಾನ ಮಾಡಿದ್ದು ಎಲ್ಲವನ್ನೂ ಪಟ್ಟಿಯಲ್ಲಿ ಗುರುತಿಸಬೇಕು. ಸ್ನಾನದ ಮನೆಯಲ್ಲಿ ಫ್ರೆಂಚ್, ಜರ್ಮನ್ ಪಾಠದ ಗ್ರಾಮಫೋನ್ ತಟ್ಟೆಗಳು ತಿರುಗುತ್ತಿದ್ದವು. ಇಬ್ಬರು ಮಕ್ಕಳು ದೊಡ್ಡವರಾದ ಮೇಲೆ 1948ರಲ್ಲಿ ಈ ಸಂಸಾರದ ಕಥೆಯನ್ನು ಚೀಪರ್ ಬೈ ದ ಡಜನ್ ಎಂಬ ವಿನೋದದ ಪುಸ್ತಕವಾಗಿ ಬರೆದರು. 1950ರಲ್ಲಿ ಅದು ಚಲನಚಿತ್ರವೂ ಆಯಿತು. ಫ್ರಾಂಕ್ ಅಂಗಿಯ ಮೇಲಿನ ತೋಳಿಲ್ಲದ ಕೋಟಿಗೆ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಿದ್ದರಂತೆ. ಮೇಲಿನಿಂದ ಕೆಳಕ್ಕೆ ಹಾಕಿದರೆ ಏಳು ಸೆಕೆಂಡು, ಕೆಳಗಿನಿಂದಾದರೆ ಮೂರೇ! ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಗಡ್ಡ ಹೆರೆದು 44 ಸೆಕೆಂಡು ಉಳಿಸಿದರಂತೆ. ಗಾಯಕ್ಕೆ ಬಟ್ಟೆ ಕಟ್ಟಲು ಎರಡು ನಿಮಿಷ ಹಿಡಿದುದರಿಂದ ಆ ಪ್ರಯೋಗ ಅಲ್ಲಿಗೇ ನಿಂತಿತು. ಮಕ್ಕಳ ಗಂಟಲ ಗಂಟುಗಳನ್ನು ಮನೆಯಲ್ಲಿಯೇ ಸಾಲಾಗಿ ತೆಗೆಸಿ, ವೈದ್ಯರ ಕೈಚಳಕವನ್ನು ಚಿತ್ರ ತೆಗೆಸಲು ಹೊರಟಾಗ, ಚಿತ್ರಗ್ರಾಹಕ ಕ್ಯಾಮೆರಾದ ಮುಚ್ಚಳ ತೆಗೆಯುವುದನ್ನೇ ಮರೆತಿದ್ದನೆಂಬ ಪ್ರಸಂಗವೂ ಅದರಲ್ಲಿದೆ. ಆ ಪುಸ್ತಕದಲ್ಲಿ ತಂದೆಯೇ ನಾಯಕ. ತಾಯಿ ಅಷ್ಟಾಗಿ ಕಾಣುವುದಿಲ್ಲ. ನನಗೆ ಆ ಪುಸ್ತಕದ ಮೇಲೆ ಇರುವ ದೂರು ಇದೊಂದೇ.

1924ನೆಯ ಇಸವಿ ಜೂನ್ 14ರಂದು ಫ್ರಾಂಕ್ ನ್ಯೂ ಜೆರ್ಸಿಯ ಮಾಂಟ್‌ಕ್ಲೇರ್ ರೈಲು ನಿಲ್ದಾಣದಿಂದ ಹೆಂಡತಿಗೆ ಟೆಲಿಫೋನ್ ಮಾಡುತ್ತಿದ್ದಾಗ ಹೃದಯ ನಿಂತು ಕುಸಿದು ಬಿದ್ದರು. ಐವತ್ತಾರು ತುಂಬಿರಲಿಲ್ಲ. ಮನೆಯಲ್ಲಿ ಹನ್ನೊಂದು ಮಕ್ಕಳು. ಹಿರಿಯಳಿಗೆ ಹದಿನೆಂಟು, ಕಿರಿಯಳಿಗೆ ಇನ್ನೂ ಎರಡು ತುಂಬಬೇಕು. ಲಂಡನ್ನಿನಲ್ಲಿಯೂ ಪ್ರಾಗ್ ನಗರದಲ್ಲಿಯೂ ನಡೆಯಲಿದ್ದ ಸಮ್ಮೇಳನಗಳಿಗೆ ಫ್ರಾಂಕ್ ಹೊರಡುವವರಿದ್ದರು. ಗಂಡ ತೀರಿಕೊಂಡ ಐದು ದಿನಗಳಿಗೆ ಲಿಲಿಯನ್ ಅವರ ಬದಲಿಗೆ ತಾವೇ ಹಡಗು ಹತ್ತಿದರು. ಇದನ್ನು ಓದಿದಾಗ ನನಗೆ ಮೊದಲು ಕಠಿಣವೆನಿಸಿತು. ಸೂತಕದ ಮನೆ ಬಿಟ್ಟು ಸಭೆಗೆ ಹೋಗುವುದೆ? ನಮ್ಮ ಊರಿನಲ್ಲಿಯಾದರೆ ಏನೇನು ಮಾತು ಬರುತ್ತಿತ್ತು! ಆದರೆ ಆ ಹನ್ನೊಂದು ಮಕ್ಕಳ ಅನ್ನ ಆ ಹೆಸರಿನಲ್ಲಿತ್ತು. ಹೆಸರು ಮರೆಯಾಗುವುದಕ್ಕೆ ಮುಂಚೆ ಅದನ್ನು ಹಿಡಿದು ನಿಲ್ಲಬೇಕಾಗಿತ್ತು.

ಭಯಪಟ್ಟಂತೆಯೇ ಆಯಿತು. ಇಷ್ಟು ವರ್ಷ ದಂಪತಿಗಳ ಸಲಹೆ ಪಡೆದಿದ್ದ ಕಾರ್ಖಾನೆಗಳು ಒಂದೊಂದಾಗಿ ಒಪ್ಪಂದವನ್ನು ಮುಂದುವರಿಸದೆ ಹೋದುವು. ಡಾಕ್ಟರೇಟ್ ಪಡೆದು, ಇಪ್ಪತ್ತು ವರ್ಷ ಕೆಲಸ ಮಾಡಿದ್ದರೂ ಗಂಡಿಲ್ಲದ ಹೆಂಗಸಿನ ಸಲಹೆ ಅವರಿಗೆ ಬೇಡವಾಯಿತು. ಆಕೆ ಮನೆಯಲ್ಲಿಯೇ ಚಲನೆಯ ಅಧ್ಯಯನದ ಒಂದು ಶಾಲೆ ತೆರೆದರು. ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯ ಹಣ ಎಣಿಸುವವರ ಕೆಲಸವನ್ನು ಪರಿಶೀಲಿಸಿದರು. ಕಾರ್ಖಾನೆಯವರು ಹೆಂಗಸೆಂದು ಬಾಗಿಲು ಮುಚ್ಚಿದಾಗ, ಹೆಂಗಸರದೆಂದು ಒಪ್ಪಿಕೊಂಡಿದ್ದ ಒಂದು ಕಾರ್ಖಾನೆಯ ಕಡೆಗೆ ತಿರುಗಿದರು. ಅದು ಅಡುಗೆಮನೆ.

1929ರ ಸುಮಾರಿಗೆ ಆಕೆ ನ್ಯೂಯಾರ್ಕಿನ ಒಂದು ಗ್ಯಾಸ್ ಕಂಪನಿಗಾಗಿ ಮಾದರಿ ಅಡುಗೆಮನೆಯೊಂದನ್ನು ರೂಪಿಸಿದರು. ಒಲೆ, ತೊಟ್ಟಿ, ಸಾಮಾನಿನ ಕಪಾಟು ಇವನ್ನು ಚದುರಿಸದೆ ಕೈಯಳತೆಯಲ್ಲಿ ಸುತ್ತ ಜೋಡಿಸುವುದು, ಚಕ್ರದ ಮೇಜೊಂದನ್ನು ಬೇಕಾದ ಕಡೆ ಎಳೆದುಕೊಳ್ಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಕೆಲಸದ ಎತ್ತರವನ್ನು ಕೆಲಸ ಮಾಡುವವಳ ಎತ್ತರಕ್ಕೆ ಹೊಂದಿಸುವುದು. ಹಳೆಯ ರೀತಿಯ ಅಡುಗೆಮನೆಯಲ್ಲಿಯೂ ಹೊಸದರಲ್ಲಿಯೂ ಒಂದೇ ಬಗೆಯ ಕೇಕನ್ನು ಮಾಡಿಸಿ ಹೆಜ್ಜೆ ಎಣಿಸಿದರು. ಹಳೆಯದರಲ್ಲಿ 281 ಹೆಜ್ಜೆ, ಹೊಸದರಲ್ಲಿ 45. ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ ಕಸದ ಡಬ್ಬಿ, ತಂಗಳು ಪೆಟ್ಟಿಗೆಯ ಬಾಗಿಲಿನ ಒಳಗಡೆ ಇರುವ ಗೂಡುಗಳು ಆಕೆಯ ಕಲ್ಪನೆಗಳೆಂದು ಹೇಳುತ್ತಾರೆ. ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಸಾವಿರಾರು ಗೃಹಿಣಿಯರನ್ನು ವಿಚಾರಿಸಿದ ಸಂಗತಿಯನ್ನು ಮೊದಲೇ ಹೇಳಿದ್ದೇನೆ.

ಇಷ್ಟನ್ನೂ ನಾನು ಅವ್ವನಿಗೆ ಬಹಳ ಉತ್ಸಾಹದಿಂದ ವಿವರಿಸಿದಾಗ ಆಕೆ ಕೇಳಿದ ಪ್ರಶ್ನೆ ಒಂದೇ. ಆ ಅಮ್ಮ ದಿನಕ್ಕೆ ಎಷ್ಟು ಮುದ್ದೆ ಬೇಯಿಸುತ್ತಿದ್ದಳು? ನಾನು ನಿಜವನ್ನೇ ಹೇಳಬೇಕಾಯಿತು. ಲಿಲಿಯನ್ನರಿಗೆ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ಬಹಳ ಕಾಲ ಅತ್ತೆ ಇದ್ದರು, ಮನೆಗೆಲಸದ ಆಳು ಇದ್ದ. ಅವ್ವ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಮೊದಲು ನನಗೆ ಮುಖಭಂಗವಾದಂತಾಯಿತು. ಆಮೇಲೆ ಯೋಚಿಸಿದರೆ, ತಾನು ಮಾಡದ ಕೆಲಸವಾದುದರಿಂದಲೇ ಆಕೆ ಮಾಡುವವರನ್ನು ಕೇಳಲು ಹೋದರೆಂದು ತೋರಿತು. ಮಾಡಬಲ್ಲ ನನ್ನ ಅಪ್ಪ ಕೇಳಿರಲಿಲ್ಲ.

ಉಳಿದುದನ್ನು ಬೇಗ ಹೇಳುತ್ತೇನೆ. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿನ ಇಂಜಿನಿಯರಿಂಗ್ ವಿಭಾಗದಲ್ಲಿ ಆ ಸ್ಥಾನ ಪಡೆದ ಮೊದಲ ಮಹಿಳೆ ಅವರೇ. 1948ರವರೆಗೆ ಅಲ್ಲಿ ಪಾಠ ಹೇಳಿದರು. ಹನ್ನೊಂದು ಮಕ್ಕಳನ್ನೂ ಕಾಲೇಜಿಗೆ ಕಳುಹಿಸಿದರು. ಹೃದ್ರೋಗವಿರುವ ಹೆಂಗಸರು, ಒಂದೇ ಕೈಯುಳ್ಳವರು, ಗಾಲಿಕುರ್ಚಿಯಲ್ಲಿ ಕುಳಿತವರು ಯಾರ ಹಂಗೂ ಇಲ್ಲದೆ ಅಡುಗೆ ಮಾಡಿಕೊಳ್ಳುವಂಥ ಮನೆಗಳನ್ನು ರೂಪಿಸುವುದಕ್ಕೆ ಮುಪ್ಪಿನ ಅನೇಕ ವರ್ಷಗಳನ್ನು ಕೊಟ್ಟರು. ಈ ಭಾಗವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಗುತ್ತಿಗೆದಾರನಿಲ್ಲ, ಉಳಿದ ನಿಮಿಷ ಯಾರ ಪಾಲಿಗೆ ಎಂಬ ಜಗಳವಿಲ್ಲ, ಉಳಿದುದೆಲ್ಲ ಮಾಡಿದವಳಿಗೇ. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಗೆ ಚುನಾಯಿತರಾದ ಮೊದಲ ಮಹಿಳೆಯಾದರು. 1972ನೆಯ ಇಸವಿ ಜನವರಿ 2ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ ಗತಿಸಿದರು. 1984ರಲ್ಲಿ ಆ ದೇಶ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ದಸರೆಯ ರಜದ ನನ್ನ ನೋಟುಬುಕ್ಕಿನಲ್ಲಿ ಅಪ್ಪನ ಇಟ್ಟಿಗೆಯ ಲೆಕ್ಕ ಅರ್ಧಕ್ಕೇ ನಿಂತಿದೆ. ಅದನ್ನು ಪೂರ್ತಿ ಮಾಡುವ ಇಚ್ಛೆ ನನಗಿಲ್ಲ. ಗುತ್ತಿಗೆದಾರ ಇಣುಕಿ ನೋಡಿದ ಮುಖ ಇನ್ನೂ ಕಣ್ಣ ಮುಂದಿದೆ. ಆದರೆ ಸಂಕ್ರಾಂತಿಗೆ ಮನೆಗೆ ಹೋದಾಗ ಅಪ್ಪ ಅವ್ವನನ್ನು ಬರಿಗಾಲಿನಲ್ಲಿ ನೆಲದ ಮೇಲೆ ನಿಲ್ಲಿಸಿ, ಮೊಳಕೈಯವರೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಅವ್ವ ನಾಚಿಕೊಂಡು, ದರ್ಜಿಯ ಅಂಗಡಿಯಾಯಿತಲ್ಲ ಎಂದು ಗೊಣಗುತ್ತಿದ್ದಳು. ಹಬ್ಬದ ಮರುದಿನ ಕಡಪ ಕಲ್ಲನ್ನು ಎತ್ತಿ, ಕೆಳಗಿನ ಒಂದು ವರಸೆ ಇಟ್ಟಿಗೆಯನ್ನು ತೆಗೆದು, ಮತ್ತೆ ಕೂರಿಸಿದ. ಮಣೆ ಈಗ ಊಟದ ಮನೆಗೆ ಹೋಗಿದೆ. ತೊಟ್ಟಿಯ ಕೊಳವೆ ಮಾತ್ರ ಇನ್ನೂ ಹಳೆಯ ಎತ್ತರದಲ್ಲಿಯೇ ಇದೆ. ಪಾತ್ರೆ ತೊಳೆದ ನೀರು ಹಿಡಿಯಲು ಸದ್ಯಕ್ಕೆ ಒಂದು ಬಕೆಟ್ಟು ಇಟ್ಟಿದ್ದಾರೆ.